ಹೆಸರಿಗಾಗಿ ಕಾದ ನಿಕೋಲ

ರಷ್ಯದ ನವ್ಗೊರೊದ್ ಪಟ್ಟಣದಲ್ಲಿ ಗ್ರೀಕ್ ಓದಬಲ್ಲ ಚಿತ್ರಗಾರ ನಾನು. ಆದರೆ ಹೊಸ ಚರ್ಚಿಗೆ ಸಂತ ನಿಕೋಲನ ಚಿತ್ರ ಬರೆಯಲು ಗ್ರೀಸಿನಿಂದ ಬಂದಿದ್ದ ಚಿತ್ರಗುರು ಆರಿಸಿದ್ದು ಅಕ್ಷರವೇ ಬಾರದ ನನ್ನ ಗೆಳೆಯ, ಮರದ ಚಮಚ ಕೆತ್ತುವ ನೆಝಾತನನ್ನು. ಹೊಟ್ಟೆಕಿಚ್ಚಿಗೆ, ಅವನು ಒಲೆಯ ಹಿಂದೆ, ಚರ್ಚು ಒಪ್ಪದ ಹಳೆಯ ಮನೆದೈವಕ್ಕೆ ರೊಟ್ಟಿ ಇಡುತ್ತಾನೆಂದು ಪಾದ್ರಿಗೆ ಚಾಡಿ ಹೇಳಿದೆ. ಅವನ ಕೆಲಸ ಹೋಯಿತು.

“ಯಾವನೋ ಊದ್ಬಿಟ್ಟ ಕಣೋ,” ಎಂದು ನೆಝಾತ ನಕ್ಕ. “ರೊಟ್ಟಿ ಇಡದೋರು ಈ ಊರಲ್ಲಿ ಯಾರಿದಾರೆ? ನೀನೂ ಇಡ್ತೀಯಲ್ಲ!”

ಮೊನ್ನೆ ಜ್ವರದಲ್ಲಿ ತೀರಿಕೊಂಡ. ಅವನು ಮನೆಯಲ್ಲೇ ಬರೆದು ಮುಗಿಸಿದ್ದ ನಿಕೋಲನ ಚಿತ್ರವನ್ನು ಅವನ ಹೆಂಡತಿ ನನ್ನ ಕೈಗಿಟ್ಟಳು.

“ಚಿತ್ರದ ಮೇಲೆ ಸಂತನ ಹೆಸರು ಬರೆಯದೆ ಯಾರೂ ಕೈಮುಗಿಯಲ್ವಂತೆ. ಅದನ್ನ ನಿಮ್ಮ ಕೈಲೇ ಬರೆಸ್ಬೇಕು ಅಂದಿದ್ರು, ಅಣ್ಣ.”

ಬರೆದೆ. ಅಳುತ್ತ ಬರೆಯುವಾಗಲೂ, ಅಂಥ ಕಣ್ಣುಗಳನ್ನು ನಾನು ಬಿಡಿಸಲಾರೆನಲ್ಲ ಎಂದು ಹೊಟ್ಟೆ ಉರಿಯುತ್ತಲೇ ಇತ್ತು.