ಮುಚ್ಚಿದರೆ ಮಾತ್ರ ತೆರೆಯುವ ಬಾಟಲಿ

ಕೊರೊನಾ ಕಾಲ ಮುಗಿದು, ಜನ ಮತ್ತೆ ಅಂಜಿಕೆಯಿಲ್ಲದೆ ಆಸ್ಪತ್ರೆಗೆ ಬರತೊಡಗಿದ ವರ್ಷ. ರಾಯಬಾಗ ತಾಲ್ಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಫಾರ್ಮಸಿ ಅಧಿಕಾರಿಯಾಗಿದ್ದೆ. ಔಷಧ ತರಿಸುವುದು, ಕೆಡದಂತೆ ಇಡುವುದು, ಡಾಕ್ಟರು ಬರೆದುಕೊಟ್ಟದ್ದನ್ನು ಕಿಟಕಿಯಿಂದ ರೋಗಿಗೆ ಕೊಡುವುದು ನನ್ನ ಕೆಲಸ. ಆ ಕಿಟಕಿಗೆ ಒಂದು ಬೆಳಿಗ್ಗೆ ದಿಗ್ಗೇವಾಡಿಯ ಗಂಗವ್ವ ಬಂದು ನಿಂತಳು. ಕಪ್ಪು ಕನ್ನಡಕ, ತಲೆ ತುಂಬ ಸೆರಗು. ಬೆನ್ನ ಹಿಂದೆ ಮುಖ ಗಂಟಿಕ್ಕಿಕೊಂಡ ಸೊಸೆ ಕಸ್ತೂರಿ.

ಗಂಗವ್ವ ಕೈಯಲ್ಲಿದ್ದ ಬಿಳಿ ಬಾಟಲಿಯನ್ನು ಕಟ್ಟೆಯ ಮೇಲೆ ಟಕ್ಕನೆ ಇಟ್ಟಳು.

“ಅಕ್ಕಾರ, ಈ ಔಷಧ ಖೋಟಾ ಐತ್ರಿ. ಇಲ್ಲಂದ್ರ ನನ್ನ ಸೊಸಿ ಖೋಟಾ ಅದಾಳ. ಎರಡರಾಗ ಯಾವುದು ಅಂತ ನೀವ ಹೇಳಿಬಿಡ್ರಿ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಕಸ್ತೂರಿ ಮಾತ್ರ ನಗಲಿಲ್ಲ. “ಹೊತ್ತೊತ್ತಿಗೆ ತಪ್ಪದ ಹಾಕೇನ್ರಿ. ಕೆನ್ನಿ ಮ್ಯಾಲ ನೀರ ಇಳದದ್ದ ನಾನ ಸೆರಗಲೆ ಒರಸೇನಿ. ಆದ್ರೂ ಓಣಿ ತುಂಬ ಹೇಳಕೋತ ಅಡ್ಡ್ಯಾಡಾಕತ್ತಾಳ, ಸೊಸಿ ಬರೇ ಗಾಳಿ ಹಾಕ್ತಾಳ ಅಂತ.”

“ಒರಸಿದ್ದು ನನ್ನ ಕಣ್ಣೀರ ಬೇ! ಬಾಟ್ಲಿದಲ್ಲ.”

ವಿಚಾರಿಸಿದಾಗ ತಿಳಿದದ್ದು ಇಷ್ಟು. ಗಂಗವ್ವನ ಒಂದು ಕಣ್ಣು ಚಿಕ್ಕಂದಿನಲ್ಲೇ ಎಮ್ಮೆಯ ಕೊಂಬು ತಾಗಿ ಹೋಗಿತ್ತು. ಉಳಿದ ಕಣ್ಣಿಗೆ ಪೊರೆ ಬಂದು, ಹಾಲು ಕರೆಯುವುದೂ ಕೈ ಅಂದಾಜಿನ ಮೇಲೆಯೇ ನಡೆದಿತ್ತು. ಕೃಷ್ಣೆಯ ದಂಡೆಯ ಊರುಗಳಿಗೆಂದು ದಾನಿಗಳು ಏರ್ಪಡಿಸಿದ್ದ ಶಿಬಿರದಲ್ಲಿ ಹಿಂದಿನ ವಾರ ಆ ಕಣ್ಣಿಗೆ ಆಪರೇಷನ್ ಆಗಿತ್ತು. ಅಲ್ಲಿಂದಲೇ ಒಂದು ಬಾಟಲಿ ಕಣ್ಣಿನ ಹನಿ ಕೊಟ್ಟು ಕಳಿಸಿದ್ದರು. ಮೊದಲ ದಿನ ಎಲ್ಲವೂ ನಿಚ್ಚಳವಾಗಿ ಕಂಡಿತ್ತಂತೆ. ಆಮೇಲೆ ಕಣ್ಣು ಕೆಂಪಾಗಿ, ನೋವು ಹೆಚ್ಚಾಗಿ, ಬೆಳಕು ನೋಡುವುದೇ ಕಷ್ಟವಾಗಿತ್ತು.

ನನ್ನ ನಗು ಹೋಯಿತು. ಪೊರೆ ತೆಗೆದ ಕಣ್ಣಿಗೆ ಆ ಹನಿ ಅತ್ಯಗತ್ಯ. ಅದು ಸೋಂಕನ್ನು ತಡೆಯುತ್ತದೆ, ಒಳಗಿನ ಉರಿಯೂತವನ್ನು ಇಳಿಸುತ್ತದೆ. ಈ ಹೆಂಗಸಿಗೆ ಇದ್ದದ್ದೇ ಒಂದು ಕಣ್ಣು.

ಬಾಟಲಿಯನ್ನು ಕೈಗೆತ್ತಿಕೊಂಡೆ. ಒಂದು ವಾರ ಬಳಸಿದ ಬಾಟಲಿ ಇಷ್ಟು ಭಾರ ಇರಲು ಸಾಧ್ಯವಿರಲಿಲ್ಲ. ಮುಚ್ಚಳ ಬಿಚ್ಚಿ ತುದಿಯನ್ನು ಬೆಳಕಿಗೆ ಹಿಡಿದೆ. ತುದಿಯಲ್ಲಿ ತೂತೇ ಇರಲಿಲ್ಲ.

ಇಲ್ಲಿ ಓದುಗರಿಗೆ ಸ್ವಲ್ಪ ವಿವರಿಸಬೇಕು. ಕಣ್ಣಿನ ಔಷಧಕ್ಕೆ ಒಂದು ಕ್ರಿಮಿಯೂ ಸೇರಬಾರದು. ಆದ್ದರಿಂದ ಕೆಲವು ಬಾಟಲಿಗಳನ್ನು ತುದಿಯವರೆಗೂ ಒಂದೇ ಪ್ಲಾಸ್ಟಿಕ್‌ನಲ್ಲಿ ಪೂರ್ತಿ ಮುಚ್ಚಿ ತಯಾರಿಸುತ್ತಾರೆ. ಮುಚ್ಚಳದ ಒಳಗೆ ಒಂದು ಚಿಕ್ಕ ಮೊಳೆ ಇರುತ್ತದೆ. ಅದೂ ಪ್ಲಾಸ್ಟಿಕ್ಕಿನದೇ. ಅಂಗಡಿಯಿಂದ ಬರುವಾಗ ಮುಚ್ಚಳ ಪೂರ್ತಿ ಕೆಳಗಿಳಿದಿರುವುದಿಲ್ಲ. ಬಳಸುವವರು ಮೊದಲ ಸಲ ಅದನ್ನು ಕೊನೆಯವರೆಗೆ ಬಿಗಿಯಾಗಿ ತಿರುಗಿಸಬೇಕು. ಆಗ ಮೊಳೆ ತುದಿಯನ್ನು ಚುಚ್ಚಿ, ಒಂದೊಂದೇ ಹನಿ ಬೀಳುವಷ್ಟು ತೂತು ಮಾಡುತ್ತದೆ. ಅಂದರೆ ತೆರೆಯಬೇಕಾದರೆ ಮೊದಲು ಇನ್ನಷ್ಟು ಮುಚ್ಚಬೇಕು! ಹೊಸ ಬಾಟಲಿ ಕೈಗೆ ಬಂದರೆ ಯಾರಾದರೂ ಮುಚ್ಚಳ ಬಿಚ್ಚುತ್ತಾರೆಯೇ ಹೊರತು ಬಿಗಿಯುವುದಿಲ್ಲ. ಕಸ್ತೂರಿಯೂ ಬಿಚ್ಚಿದ್ದಳು; ಮತ್ತೆ ಮುಚ್ಚುವಾಗಲೂ ಸಡಿಲವಾಗಿಯೇ ಇಡುತ್ತಿದ್ದಳು. ಬಾಟಲಿ ಬಿಳಿಯದಾದ್ದರಿಂದ ಔಷಧ ಎಷ್ಟಿದೆಯೆಂದು ಹೊರಗಿನಿಂದ ಕಾಣುತ್ತಿರಲಿಲ್ಲ. ಅತ್ತೆಯ ಕಣ್ಣೋ ಸದಾ ಸುರಿಯುತ್ತಿತ್ತು. ಅದನ್ನೇ ಅವಳು ಔಷಧವೆಂದು ತಿಳಿದು ಒರೆಸುತ್ತಿದ್ದಳು.

ಅವರಿಬ್ಬರ ಎದುರಿಗೇ ಮುಚ್ಚಳ ಹಾಕಿ ಬಿಗಿಯಾಗಿ ತಿರುಗಿಸಿದೆ. ಒಳಗೆ ಮೊಳೆ ಚುಚ್ಚಿದ್ದು ಕೈಗೆ ತಿಳಿಯಿತು. ಬಿಚ್ಚಿ ಗಂಗವ್ವನ ಅಂಗೈ ಮೇಲೆ ಒತ್ತಿದೆ. ದುಂಡನೆಯ ಹನಿಯೊಂದು ಬಿತ್ತು.

“ಔಷಧನೂ ಖೋಟಾ ಅಲ್ಲ, ಸೊಸಿನೂ ಖೋಟಾ ಅಲ್ಲ ಗಂಗವ್ವ. ಬಾಟ್ಲಿ ಬಾಯೇ ತೆರೆದಿರಲಿಲ್ಲ,” ಎಂದೆ.

ಗಂಗವ್ವ ಅಂಗೈಯನ್ನು ಮೂಗಿನ ಹತ್ತಿರ ತಂದು ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿ, “ಹಂಗಾರ ನೀ ಹಾಕಿದ್ದು ಖರೇನ ಗಾಳಿ!” ಎಂದಳು. ಈ ಸಲ ಕಸ್ತೂರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡಳು.

ಪುಣ್ಯಕ್ಕೆ ಅದು ಕಣ್ಣಿನ ಡಾಕ್ಟರಮ್ಮ ಬರುವ ದಿನ. ಇಬ್ಬರನ್ನೂ ನೇರ ಅವರ ಕೋಣೆಗೆ ಕರೆದೊಯ್ದೆ. ಅವರು ಬಹಳ ಹೊತ್ತು ಪರೀಕ್ಷಿಸಿದರು. ನಾನು ಬಾಗಿಲಲ್ಲೇ ನಿಂತು ಕಾದೆ. “ಉರಿಯೂತ ಜೋರಾಗಿದೆ, ಆದರೆ ಸೋಂಕಿಲ್ಲ. ಇವತ್ತಿನಿಂದ ಗಂಟೆಗೊಂದು ಸಲ ಹನಿ ಹಾಕಲಿ, ಕಣ್ಣು ಉಳಿಯುತ್ತದೆ,” ಎಂದು ಅವರು ತಲೆ ಎತ್ತಿದರು. ಮರುಕ್ಷಣವೇ ನನ್ನತ್ತ ನೋಡಿ ಕೇಳಿದರು: “ಆ ಶಿಬಿರದಲ್ಲಿ ಉಳಿದವರಿಗೂ ಇದೇ ಬಾಟಲಿ ಕೊಟ್ಟಿದ್ದಾರಲ್ಲವೇ?”

ಶಿಬಿರ ನಡೆಸಿದವರಿಗೆ ಫೋನ್ ಮಾಡಿದೆ. ಹೌದು, ಎಲ್ಲರಿಗೂ ಅದೇ. ಬಳಸುವ ವಿಧಾನ ಡಬ್ಬಿಯ ಮೇಲೆ ಚಿತ್ರಸಮೇತ ಇದೆ ಎಂದರು. ಕಸ್ತೂರಿಯನ್ನು ಕೇಳಿದರೆ, ಡಬ್ಬಿ ಅಂದೇ ಒಲೆಗೆ ಹೋಗಿತ್ತು. ಮಧ್ಯಾಹ್ನವೇ ನಮ್ಮ ನೇತ್ರಾಧಿಕಾರಿ ಪಾಟೀಲರು, ಅಂದರೆ ಕಣ್ಣಿನ ವಿಭಾಗದಲ್ಲಿ ಡಾಕ್ಟರಿಗೆ ನೆರವಾಗುವವರು, ಆಸ್ಪತ್ರೆಯ ಜೀಪು ಹೊರಡಿಸಿದರು. ಒಂದಿಷ್ಟು ಹೊಸ ಬಾಟಲಿಗಳೊಂದಿಗೆ ಅತ್ತೆ ಸೊಸೆಯನ್ನೂ ಹತ್ತಿಸಿಕೊಂಡು ದಿಗ್ಗೇವಾಡಿಗೆ ಹೋದೆವು.

ಮನೆಯ ಮುಂದೆ ಇಳಿಸಿ, ಆರಾಮಾಗಿ ಮಲಗು ಎಂದರೆ ಗಂಗವ್ವ ಕೇಳಲಿಲ್ಲ. “ಓಣಿ ತುಂಬ ಸೊಸಿ ಮ್ಯಾಲ ಹೇಳೇನಿ. ಈಗ ಓಣಿ ತುಂಬ ನಾನ ತಿರುಗಿ ಹೇಳಬೇಕಲ್ರಿ,” ಎಂದು ಕನ್ನಡಕ ಸರಿಪಡಿಸಿಕೊಂಡು ನಮ್ಮ ಮುಂದೆಯೇ ನಡೆದಳು.

ಎರಡು ಮನೆ ದಾಟಿದರೆ ಬಾಳಪ್ಪ ಎಂಬ ರೈತ. ಅವನ ಬಾಟಲಿ ಆಗಲೇ ಖಾಲಿ. ಹನಿ ಬರಲಿಲ್ಲವೆಂದು ಕಬ್ಬು ಕಡಿಯುವ ಕೊಯ್ತಾದಿಂದ ತುದಿಯನ್ನೇ ಹಾರಿಸಿದ್ದ. “ಔಷಧ ಭಾಳ ಚಲೋ ಇತ್ರಿ. ಒಮ್ಮಿ ಹಾಕಿದ್ರ ಮುಖಾ ತೊಳದಂಗ ಆಗತಿತ್ತು!” ಎಂದ. ಪಾಟೀಲರು ಟಾರ್ಚು ಹಿಡಿದು ಕಣ್ಣು ನೋಡಿ ನೆಮ್ಮದಿಯ ಉಸಿರು ಬಿಟ್ಟರು. ಏನೂ ಆಗಿರಲಿಲ್ಲ. ಆದರೆ ಹೊಲದ ಕತ್ತಿಯಿಂದ ಕತ್ತರಿಸಿದ ತುದಿಯ ಮೂಲಕ ಯಾವ ಕ್ರಿಮಿ ಬೇಕಾದರೂ ಒಳಹೋಗಬಹುದಿತ್ತು. ಹೊಸ ಬಾಟಲಿ ಕೊಟ್ಟು, ಅವನ ಕೈಯಿಂದಲೇ ತಿರುಗಿಸಿ ಚುಚ್ಚಿಸಿದೆವು. ಹಿಂದಿನ ಓಣಿಯ ಒಬ್ಬಳು ಹೊಲಿಗೆ ಸೂಜಿಯಿಂದ ಚುಚ್ಚಿದ್ದಳು; ಅವಳಿಗೂ ಹೊಸದು ಕೊಟ್ಟೆವು. ಇನ್ನೊಬ್ಬರ ಮನೆಯಲ್ಲಿ ಮುಚ್ಚಳ ಅಕಸ್ಮಾತ್ತಾಗಿ ಬಿಗಿಯಾಗಿ, ಎಲ್ಲವೂ ಸರಿಯಾಗಿಯೇ ನಡೆದಿತ್ತು.

ಮರುದಿನ ಕೃಷ್ಣೆ ದಾಟಿ ಶಿರಗುಪ್ಪಿಯ ಕಡೆ ಹೊರಟಾಗ, ದಿಗ್ಗೇವಾಡಿಯಲ್ಲಿ ಗಂಗವ್ವನ ಕಣ್ಣು ನೋಡಿ ಹೋಗೋಣವೆಂದು ನಿಂತೆವು. ಕೆಂಪು ಇಳಿಯತೊಡಗಿತ್ತು. ಅವಳು ಪರೀಕ್ಷೆ ಮುಗಿಯುತ್ತಲೇ ಜೀಪಿನೊಳಗೆ ಕುಳಿತಿದ್ದಳು. “ಅಲ್ಲಿ ಮಂದಿ ಮರಾಠಿ ಮಾತಾಡ್ತಾರ. ನನ್ನ ತವರು ಆ ಕಡೀದ. ನಿಮ್ಮ ಪುಸ್ತಕದ ಮಾತು ಅವರಿಗೆ ಹತ್ತಂಗಿಲ್ರಿ.” ಗಂಟೆಗೊಂದು ಹನಿ ತಪ್ಪಬಾರದೆಂದು ಕಸ್ತೂರಿಯೂ ಹತ್ತಿದಳು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಹನಿ ಹಾಕುವಾಗ ಬಿಟ್ಟರೆ ಕನ್ನಡಕ ತೆಗೆಯಬಾರದು ಎಂಬ ಷರತ್ತಿನ ಮೇಲೆ ಒಪ್ಪಿದರು.

ಶಿರಗುಪ್ಪಿಯಲ್ಲೊಬ್ಬ ಅಜ್ಜಿ, ತೆರೆಯಲು ಬಾರದ ಬಾಟಲಿಯನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದ್ದಳು. ಜೋರು ಮಾಡಿದರೆ ಒಡೆದೀತೆಂಬ ಭಯ. ಗಂಗವ್ವ ಅವಳ ಪಕ್ಕ ಕುಳಿತು, “ಆಧೀ ಘಟ್ಟ ಬಂದ್ ಕರಾಯ್ಚ, ಮಗ ಉಘಡತಂಯ್” ಎಂದಳು. ಮೊದಲು ಬಿಗಿಯಾಗಿ ಮುಚ್ಚಬೇಕು, ಆಮೇಲೆ ತೆರೆದುಕೊಳ್ಳುತ್ತದೆ ಎಂದರ್ಥ. ನಾನು ಅರ್ಧ ಪುಟ ಹೇಳುವುದನ್ನು ಅವಳು ಒಂದೇ ಉಸಿರಿನಲ್ಲಿ ಮುಗಿಸಿದ್ದಳು. ನಂಬಿಕೆ ಬರಲೆಂದು ಅಲ್ಲೇ ಸೊಸೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿ ಕನ್ನಡಕ ಎತ್ತಿದಳು. ಕಸ್ತೂರಿ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಹನಿ ಹಾಕಿದಳು. “ಬಿತ್ತು!” ಎಂದು ಗಂಗವ್ವ ಕೂಗಿದ್ದು ಹೊರಗಿನ ಕಟ್ಟೆಯವರೆಗೂ ಕೇಳಿಸಿತು. ಸಂಜೆಯ ಹೊತ್ತಿಗೆ ಶಿಬಿರದ ಎಲ್ಲರನ್ನೂ ಕಂಡು ಮುಗಿಸಿದ್ದೆವು. ಯಾರ ಕಣ್ಣೂ ಹೋಗಲಿಲ್ಲ.

ಅಂದಿನಿಂದ ನನ್ನ ಕಿಟಕಿಯಲ್ಲಿ ಒಂದು ಪ್ರಶ್ನೆ ಹೆಚ್ಚಾಯಿತು: ಇದನ್ನು ಹೇಗೆ ತೆರೆಯುತ್ತೀರಿ? ಸಾಲು ನಿಧಾನವಾಗುತ್ತದೆಂದು ಕೆಲವರು ಗೊಣಗಿದರು. ಆದರೆ ಆ ಪ್ರಶ್ನೆಯಿಂದ ಎಷ್ಟು ಸಂಗತಿಗಳು ಹೊರಬಂದವು! ದಮ್ಮಿನ ಕಾಯಿಲೆಗೆಂದು ಪುಟ್ಟ ಯಂತ್ರದಲ್ಲಿಟ್ಟು ಉಸಿರಿನೊಂದಿಗೆ ಎಳೆದುಕೊಳ್ಳಬೇಕಾದ ಕ್ಯಾಪ್ಸೂಲನ್ನು ಒಬ್ಬರು ನೀರಿನ ಜೊತೆ ನುಂಗುತ್ತಿದ್ದರು. ಮತ್ತೊಬ್ಬರು ಮಾತ್ರೆ ಕೆಡದಂತೆ ಡಬ್ಬಿಯಲ್ಲಿಟ್ಟ ತೇವ ಹೀರುವ ಪುಡಿಯ ಪೊಟ್ಟಣವನ್ನು ಔಷಧವೆಂದೇ ಜೋಪಾನ ಮಾಡಿದ್ದರು.

ಔಷಧ ಕೊಟ್ಟು “ತಿಳಿಯಿತಾ?” ಎಂದು ಕೇಳಿದರೆ ನಮ್ಮ ಕಡೆಯ ಜನ ಮರ್ಯಾದೆಗೆ “ಹೂನ್ರಿ” ಎನ್ನುತ್ತಾರೆ. ಆ ಹೂನ್ರಿಯನ್ನು ನಂಬಿ ನಾನು ಅರ್ಧ ಆಯುಷ್ಯ ಕಳೆದಿದ್ದೆ. ಅಲ್ಲಿಂದೀಚೆಗೆ “ತಿಳಿಯಿತಾ” ಎನ್ನುವುದನ್ನೇ ಬಿಟ್ಟು, ಬಾಟಲಿಯನ್ನು ಅವರ ಕೈಗೆ ಕೊಟ್ಟು “ತೆರೆದು ತೋರಿಸ್ರಿ” ಎನ್ನತೊಡಗಿದೆ. ಕೈಗೆ ಸುಳ್ಳು ಹೇಳಲು ಬರುವುದಿಲ್ಲ.