ಹೆಗಲ ಮೇಲಿನ ಬೂಟು

ಮಾವನವರು ಆರಡಿ ಆಳು, ಹೆಜ್ಜೆ ಮಾತ್ರ ಗಿಡ್ಡ. ಮೂವತ್ತು ವರ್ಷ ರೈಲು ಹಳಿಯ ಮೇಲೆ ಒಂದು ಸ್ಲೀಪರ್ ದಿಮ್ಮಿಯಿಂದ ಇನ್ನೊಂದಕ್ಕೆ ಕಾಲಿಟ್ಟು ನಡೆದವರು. ಅಜ್ಜಂಪುರದ ಆಚೆ ಈಚೆ ಹಳಿಯ ಕೀಲಿಗಳನ್ನು ಸುತ್ತಿಗೆಯಿಂದ ಬಡಿದು ಬಿಗಿ ಮಾಡುವ ಕೀಮನ್ ಕೆಲಸ ಅವರದು. ನಿವೃತ್ತಿಯಾಗಿ ಊರ ಬೀದಿಯಲ್ಲಿ ನಡೆದರೂ ಕಾಲು ಅದೇ ಅಳತೆಗೆ ಬೀಳುತ್ತಿತ್ತು. ಹಿಮ್ಮಡಿಯ ಬಿರುಕಿನಲ್ಲಿ ಕಡಲೆಕಾಳು ಇಟ್ಟರೆ ಬೀಳದೆ ಕೂರುತ್ತಿತ್ತು. ಮದುವೆಯಾಗಿ ಆ ಮನೆಗೆ ಹೋದ ಹೊಸದರಲ್ಲಿ ತಲೆ ತಗ್ಗಿಸಿಕೊಂಡೇ ಓಡಾಡಬೇಕಾಗಿದ್ದರಿಂದ ಅವರ ಮುಖಕ್ಕಿಂತ ಮೊದಲು ನನಗೆ ಪರಿಚಯವಾದದ್ದು ಅವರ ಪಾದಗಳು.

ಕೂರುವುದು ಅವರಿಗೆ ಆಗಿಬರುತ್ತಿರಲಿಲ್ಲ. ಕಾಫಿ ನಿಂತೇ, ಪೇಪರ್ ನಿಂತೇ. ಊಟಕ್ಕೆ ಕೂತರೂ ಒಂದು ಮಂಡಿ ಎತ್ತಿಕೊಂಡು, ಈಗ ಎದ್ದೆ ಆಗ ಎದ್ದೆ ಎನ್ನುವ ಹಾಗೆ. "ಒಂದ್ ಗಳಿಗೆ ಕೂತ್ಕಳ್ರೀ" ಎಂದು ಅತ್ತೆ ರೇಗಿದರೆ, "ಕೂತ್ರೆ ಕಾಲು ಜೋಮು ಹಿಡೀತವೆ ಕಣೇ" ಎನ್ನುತ್ತಾ ಹೊರಟೇಬಿಡುತ್ತಿದ್ದರು. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ಹಿಂದೆ ಅವರ ಕೆಂಚು ನಾಯಿ. ಯಾವಾಗಲೂ ಹತ್ತು ಹೆಜ್ಜೆ ಹಿಂದೆಯೇ ಬರುತ್ತಿದ್ದ ಅದಕ್ಕೆ ಗಾರ್ಡು ಎಂದು ಹೆಸರಿಟ್ಟಿದ್ದರು.

ಆಗ ಎಪ್ಪತ್ತರ ದಶಕ ಮುಗಿಯುತ್ತಿತ್ತು. ನನಗೋ ಹೊಸಿಲು ದಾಟಲು ಒಂದು ನೆಪ ಬೇಕಿತ್ತು. ಗಂಡ ಬೆಳಿಗ್ಗೆ ಬೀರೂರಿಗೆ ರೈಲು ಹತ್ತಿದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ನಾನು ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಅಡುಗೆಮನೆಗೆ ದಿನಕ್ಕೆ ನೂರು ಸಲ ತಿರುಗುತ್ತಿದ್ದೆ.

ಒಂದು ದಿನ ಆಗಷ್ಟೇ ಒರೆಸಿದ್ದ ನಡುಮನೆಯ ತುಂಬ ರಕ್ತದ ಗುರುತು. ನಾಯಿಗೇ ಏನೋ ಆಗಿದೆ ಎಂದು ಅದನ್ನು ಹಿಡಿದು ನಾಲ್ಕೂ ಕಾಲು ತಿರುಗಿಸಿ ನೋಡಿದೆ. ಏನೂ ಇಲ್ಲ. ತಲೆ ಎತ್ತಿದರೆ ಮಾವನವರು ಪೇಪರ್ ಓದುತ್ತಾ ನಿಂತಿದ್ದಾರೆ, ಅವರ ಎಡಗಾಲಿನ ಕೆಳಗೆ ನೆಲ ಕೆಂಪಾಗಿದೆ. ಅರ್ಧ ಬೆರಳುದ್ದದ ಜಾಲಿಮುಳ್ಳು ಅಂಗಾಲಿನ ಒಳಗೇ ಇತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ.

ತರೀಕೆರೆಯ ಡಾಕ್ಟರು ಸಕ್ಕರೆ ಕಾಯಿಲೆ ಎಂದರು. ಪಾದಕ್ಕೆ ನೋವು ತಿಳಿಯುವುದು ನಿಂತುಹೋಗಿತ್ತು. "ಇನ್ನೊಂದು ಗಾಯ ಕೆಟ್ಟರೆ ಬೆರಳು ತೆಗೀಬೇಕಾಗುತ್ತೆ, ಆಮೇಲೆ ಪಾದ. ಒಂದೋ ತಿರುಗೋದು ಬಿಡಿ, ಇಲ್ಲ ಒಳ್ಳೆ ಬೂಟು ಹಾಕ್ಕೊಳ್ಳಿ" ಎಂದರು. ಹೊರಗೆ ಬಂದ ಮೇಲೆ ಮಾವನವರು ನನ್ನ ಕಡೆ ತಿರುಗಿ, "ತಿರುಗೋದು ಬಿಟ್ರೆ ನಾನು ಆರ್ ತಿಂಗ್ಳು ಬದುಕಲ್ಲ. ಬೂಟು ನೋಡವ್ವ" ಎಂದರು. ಅವತ್ತಿನಿಂದ ಆ ಪಾದಗಳ ಜವಾಬ್ದಾರಿ ನನ್ನ ತಲೆಗೆ ಬಂತು. ಪ್ರತಿ ಸಂಜೆ ದೀಪದ ಹತ್ತಿರ ಅವರ ಕಾಲು ಎತ್ತಿಸಿ ಅಂಗಾಲು ನೋಡುತ್ತಿದ್ದೆ.

ನನ್ನದು ಮೊದಲಿಂದಲೂ ಅವಸರದ ಬುದ್ಧಿ. ಮಳೆಗಾಲ ಹತ್ತಿರವಾಗಿತ್ತು. ನಮ್ಮ ಕಡೆಯ ಎರೆ ಮಣ್ಣು ನೆಂದರೆ ಒಂದೊಂದು ಕಾಲಿಗೆ ಎರಡು ಸೇರು ಅಂಟಿಕೊಳ್ಳುತ್ತದೆ. ನೀರು ಒಳಗೆ ಹೋಗಬಾರದು, ಅಷ್ಟೇ ತಾನೇ ಎಂದುಕೊಂಡು, ಅಳತೆಗೆ ಅವರ ಹಳೇ ಚಪ್ಪಲಿ ಕೊಟ್ಟು ಕಳಿಸಿ ತರೀಕೆರೆಯಿಂದ ಗಮ್‌ಬೂಟು ತರಿಸಿದೆ. ಮೊದಲ ಮಳೆಯ ದಿನ ಮನೆಗೆ ಬಂದು ಬೂಟು ಬಗ್ಗಿಸಿದರೆ ಅರ್ಧ ಚೊಂಬು ನೀರು. "ಮ್ಯಾಲಿಂದ ಬಿದ್ದಿದ್ದು ಈಚೆ ಬರಲ್ಲ ಕಣವ್ವ. ಕಾಲಿಗೆ ಬಿಂದಿಗೆ ಕಟ್ಕಂಡು ನಡ್ದಂಗೈತೆ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹಿಮ್ಮಡಿ ಒಳಗೇ ಜಾರಿ ಜಾರಿ ಬೊಬ್ಬೆ ಎದ್ದಿತ್ತು. ಅದು ಮಾಯುವ ತನಕ ಎರಡು ವಾರ ನನಗೆ ಅನ್ನ ಸೇರಲಿಲ್ಲ.

ಕಡೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಬೂಟು ಹೊಲಿಯುವ ಮುದುಕರೊಬ್ಬರಿದ್ದಾರೆ ಎಂದು ಯಾರೋ ಹೇಳಿದರು. ಬೆಳಿಗ್ಗೆಯೇ ಹೋಗಿ ನಿಂತೆವು. ಅವರು ಮಾವನವರ ಕಾಲನ್ನು ಒಮ್ಮೆ ನೋಡಿ, "ಬೆಳಗಿನ ಕಾಲಿಗೆ ನಾನು ಅಳತೆ ತಗಳಲ್ಲ ಯಜಮಾನ್ರೇ. ಹೊತ್ತಿಳೀಲಿ. ಅಲ್ಲೀತನಕ ನಡೀರಿ. ಊದ್ಕಂಡ ಕಾಲೇ ನಿಜವಾದ ಕಾಲು" ಎಂದು ಬೇರೆ ಕೆಲಸಕ್ಕೆ ತಿರುಗಿಕೊಂಡರು. ಇಡೀ ದಿನ ಸ್ಟೇಷನ್ನಿನಿಂದ ಸಂತೆ ಮೈದಾನಕ್ಕೆ, ಮೈದಾನದಿಂದ ಸ್ಟೇಷನ್ನಿಗೆ ನಾವಿಬ್ಬರೂ ತಿರುಗಿದೆವು. ಮಧ್ಯಾಹ್ನ ಹೋಟೆಲಿನಲ್ಲಿ ಅವರು ನನ್ನನ್ನು ಬೆಂಚಿನ ಮೇಲೆ ಕೂರಿಸಿ ಕಾಫಿ ಹೇಳಿ ಬರುವಷ್ಟರಲ್ಲಿ ನಾನು ಎದ್ದು ಬಾಗಿಲಲ್ಲಿ ನಿಂತಿದ್ದೆ.

"ನಿಂಗೂ ಕೂರಕ್ಕಾಗಲ್ಲ ಅಲ್ವೇನವ್ವಾ?" ಎಂದರು.

ಆ ಮನೆಗೆ ಬಂದು ಎರಡು ವರ್ಷವಾಗಿತ್ತು. ನನ್ನ ಬಗ್ಗೆ ಅಷ್ಟು ಸರಿಯಾದ ಮಾತನ್ನು ಬೇರೆ ಯಾರೂ ಆಡಿರಲಿಲ್ಲ. ಕಾಫಿ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಂಡು, ತುಂಬಾ ಬಿಸಿ ಎಂದು ಏನೋ ಸುಳ್ಳು ಹೇಳಿದೆ.

ಸಂಜೆ ಆ ಮುದುಕರು ಎರಡು ಜೊತೆ ಕಾಲುಚೀಲ ಹಾಕಿಸಿ ಅಳತೆ ತೆಗೆದರು. ಮೆಟ್ಟಿಲು ಹತ್ತಿಸಿ ಇಳಿಸಿ, ಹಿಂದೆ ಕುಕ್ಕರುಗಾಲಲ್ಲಿ ಕೂತು ನಡಿಗೆ ನೋಡಿದರು. "ಮುಂದೆ ಬೆರಳು ಆಡ್ಬೇಕು, ಹಿಂದೆ ಹಿಮ್ಮಡಿ ಆಡ್ಬಾರ್ದು" ಎಂದರು. ಹದಿನೈದು ದಿನಕ್ಕೆ ಬೂಟು ಬಂತು. ಕಣಕಾಲು ಮುಚ್ಚುವಷ್ಟು ಎತ್ತರ, ಹೊಲಿಗೆಗೆಲ್ಲ ಮೇಣ, ನಾಲಿಗೆಯ ಎರಡೂ ಬದಿ ನೀರು ನುಗ್ಗದಂತೆ ಸೇರಿಸಿ ಹೊಲಿದದ್ದು. "ನೆನೆಯಲ್ಲ ಅಂತ ಆಣೆ ಇಡಲ್ಲ. ನೆಂದ್ರೂ ಕಾಲು ತಿನ್ನಲ್ಲ" ಎಂದರು. ಮಾವನವರು ದಿನಾ ಅದಕ್ಕೆ ಹರಳೆಣ್ಣೆ ತಿಕ್ಕುತ್ತಿದ್ದರು. ಉಳಿದ ಮಳೆಗಾಲ ಪೂರ್ತಿ ಪಾದದ ಮೇಲೆ ಒಂದು ಗೀರೂ ಇಲ್ಲ. ನಾನು ಗೆದ್ದೆ ಎಂದುಕೊಂಡೆ.

ಜೋಳ ಕೊಯ್ಯುವ ಹೊತ್ತಿಗೆ ಒಂದು ಸಂಜೆ ನೋಡಿದರೆ ಹೆಬ್ಬೆರಳ ಪಕ್ಕದ ಬೆರಳಿಗೆ ಆಳವಾದ ಗಾಯ. ಬೂಟಿಗೆ ಒಂದು ತೂತೂ ಇಲ್ಲ. ತೊಳೆದೆ, ಕಟ್ಟಿದೆ, ಮರುದಿನವೇ ತರೀಕೆರೆಗೆ ಕರೆದುಕೊಂಡು ಹೋದೆ. ಆದರೂ ಎಂಟು ದಿನದಲ್ಲಿ ಬೆರಳು ಕಪ್ಪಾಯಿತು. ತೆಗೆದುಬಿಟ್ಟರು. ಬೂಟು ಹಾಕಿದ ಕಾಲಿಗೆ ಗಾಯ ಹೇಗಾಯಿತು ಎಂದು ನಾನು ತಲೆ ಕೆಡಿಸಿಕೊಂಡಿರುವಾಗ, ಅವರನ್ನು ನೋಡಲು ಬಂದ ಹೊಲದ ಕಡೆಯ ಹೆಂಗಸೊಬ್ಬಳು, "ಯಜಮಾನ್ರು ಬೂಟು ಹೆಗ್ಲಿಗ್ ಹಾಕ್ಕಂಡಲ್ವೇನವ್ವಾ ಹೊಲ ದಾಟೋದು?" ಎಂದಳು.

ಅವತ್ತು ಮೊದಲ ಸಲ ನಾನು ಮಾವನವರ ಮೇಲೆ ದನಿ ಎತ್ತಿದೆ. "ಯಾಕ್ ಬಿಚ್ಚಿದ್ರಿ ಮಾವ?"

"ತೆನೆ ಹೊತ್ಕಂಡು ನಿಂತ ಭೂಮಿ ಕಣವ್ವ. ಚರ್ಮ ಮೆಟ್ಕಂಡು ಹೆಂಗ್ ಕಾಲಿಡ್ಲಿ? ಕೊಯ್ದಿದ್ದ ಕಡೆ ಕೂಳೆ ಚುಚ್ಚೈತೆ ಅನ್ಸುತ್ತೆ."

"ಬಿಚ್ಚೋದಾದ್ರೆ ಮನೆಯಿಂದ ಯಾಕ್ ಹಾಕ್ಕೊಂಡ್ ಹೋಗ್ತಿದ್ರಿ?"

"ನೀನು ಬಾಗ್ಲಾಗೆ ನಿಂತ್ಕಂಡು ನೋಡ್ತಿದ್ಯಲ್ಲ" ಎಂದರು.

ನನಗೆ ಸಿಟ್ಟು, ಅಳು, ನಗು ಮೂರೂ ಒಟ್ಟಿಗೆ ಬಂದವು. ಒಳಗೆ ಹೋಗಿ ಪಾತ್ರೆಗಳನ್ನು ದಬದಬ ಜೋಡಿಸಿದೆ.

ಬೆರಳು ಹೋದ ಮೇಲೆ ಅವರ ತೂಕ ಕಾಲ ಮೇಲೆ ಸರಿಯಾಗಿ ಕೂರಲಿಲ್ಲ. ಕೋಲು ಹಿಡಿದು ಅಂಗಳದಲ್ಲೇ ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದರು. ಗಾರ್ಡು ಹೊತ್ತಿಗೆ ಸರಿಯಾಗಿ ಬೀದಿ ಬಾಗಿಲಿಗೆ ಹೋಗಿ ಹಿಂತಿರುಗಿ ನೋಡುತ್ತಿತ್ತು. ಮೂರನೆಯ ವಾರ ಅವರು, "ನಾಯಿನ ನೀ ಕರ್ಕಂಡ್ ಹೋಗವ್ವ" ಎಂದರು.

"ಜನ ಏನಂತಾರೆ ಮಾವ?"

"ಹಂಗನ್ನಕ್ಕೆ ಅವ್ರು ನಿನ್ನಷ್ಟು ಜೋರಾಗಿ ನಡೀಬೇಕಲ್ಲ. ನಡಿಯಲ್ಲ ಬಿಡು."

ಅವರೇ ಬಸ್ಸಿನಲ್ಲಿ ನನ್ನನ್ನು ಕಡೂರಿಗೆ ಕರೆದುಕೊಂಡು ಹೋದರು, ಈ ಸಲ ಸಂಜೆಯ ಹೊತ್ತಿಗೇ. "ಸೊಸೆಗೆ ಬೂಟಂತೆ! ಒಂದು ಟೋಪೀನೂ ಹಾಕ್ಸಿ, ಪೊಲೀಸಿಗೆ ಸೇರಿಸ್ಬಿಡಿ" ಎಂದು ಅತ್ತೆ ಬಾಗಿಲಲ್ಲೇ ಹಂಗಿಸಿದ್ದರು. ಬೂಟಿನ ಮುದುಕರು ನನ್ನ ಸೀರೆಯ ಅಂಚು ನೋಡಿ ಕಣಕಾಲಿನ ಎತ್ತರ ಎರಡು ಬೆರಳು ಕಡಿಮೆ ಮಾಡಿದರು, ಅಷ್ಟೇ.

ಮೊದಲ ದಿನ ಬೀದಿಗೆ ಬೀದಿಯೇ ಕಿಟಕಿಯಲ್ಲಿತ್ತು. ತಿಂಗಳು ಕಳೆಯುವಷ್ಟರಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ನಾನು ಅಂತರಘಟ್ಟೆ ದಾರಿಯಲ್ಲಿ ಮೂರು ಮೈಲಿ ಹೋಗಿ ಬರುತ್ತಿದ್ದೆ. ಬಂದ ಕೂಡಲೇ ಮಾವನವರು, ಯಾರ ಹೊಲ ಉತ್ತು ಉಕ್ಕೆಯಾಯಿತು, ಗೂಡ್ಸ್ ರೈಲು ಹೊತ್ತಿಗೆ ಸರಿಯಾಗಿ ಹೋಯಿತೇ ಎಂದು ಒಂದೂ ಬಿಡದೆ ಕೇಳುತ್ತಿದ್ದರು. ನಾನು ಹೇಳಿ ಮುಗಿಸುವ ತನಕ ಜಗಲಿಯ ಮೇಲೆ ಕೂತೇ ಇರುತ್ತಿದ್ದರು.

ಮೂರು ವರ್ಷದ ನಂತರ, ಒಂದು ಮಳೆಗಾಲದಲ್ಲಿ ಅವರು ಜ್ವರ ಬಂದು ಮಲಗಿದರು. ನಾಲ್ಕನೆಯ ದಿನ ಸಂಜೆ ನಾನು ಅವರ ಹಾಸಿಗೆಯ ಸುತ್ತ ಸುಮ್ಮನೆ ಸುಳಿದಾಡುತ್ತಿದ್ದೆ. "ನೀನು ಹಿಂಗ್ ತಿರುಗಿದ್ರೆ ನಂಗೆ ನಿದ್ದೆ ಬರಲ್ಲ. ನಾಯಿ ಕರ್ಕಂಡ್ ಹೋಗ್ಬಾ" ಎಂದರು. ಹೋದೆ. ಮನಸ್ಸು ತಡೆಯದೆ ದಿನಕ್ಕಿಂತ ದೂರವೇ ಹೋದೆ. ವಾಪಸು ಬಂದಾಗ ಮನೆಯ ಮುಂದೆ ಜನ ನಿಂತಿದ್ದರು. "ಮಾವ ಕಣ್ಣು ಮುಚ್ಚೋ ಹೊತ್ತಲ್ಲಿ ಸೊಸೆ ನಾಯಿ ಕಟ್ಕಂಡು ತಿರುಗ್ತಿದ್ಲಂತೆ" ಎಂದು ಪಕ್ಕದ ಮನೆಯಾಕೆ ನನಗೆ ಕೇಳಿಸುವಂತೆಯೇ ಹೇಳಿದಳು. ಆಕೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕೆಸರು ಮೆತ್ತಿದ ಕಾಲಲ್ಲಿ ಅಂಗಳದಲ್ಲೇ ನಿಂತುಬಿಟ್ಟೆ. ಒಳಗೆ ಹೋಗಲು ನನಗೆ ಮುಖವಿರಲಿಲ್ಲ.

ಅತ್ತೆ ಹೊರಗೆ ಬಂದರು. ಎಲ್ಲರ ಎದುರಿಗೇ ನನ್ನ ಕೈ ಹಿಡಿದುಕೊಂಡು ಹೇಳಿದರು: "ಸೈಕಲ್ ಕಳ್ಸಿ ನಿನ್ನ ಕರೆಸ್ತೀನಿ ಅಂದೆ ಕಣೇ. ಬ್ಯಾಡ ಅಂದ್ರು. ನಡೀತಾವ್ಳೆ, ನಡೀಲಿ ಬಿಡು ಅಂದ್ರು."