ಮೂರನೇ ಸಲ ನೋಡಿದ ಬಿಪಿ

ಹೆರಿಗೆ ಆಸ್ಪತ್ರೆಯ ರಕ್ತ ತೆಗೆಯುವ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕೂತವಳಿಗೆ ಸೂಜಿಯಕ್ಕ ಎಂದು ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಎಂಥ ಪುಕ್ಕಲು ಬಸುರಿ ಬಂದರೂ ಮಾತಿಗೆಳೆದು, "ಹೆಣ್ಣಾದ್ರೆ ನನ್ನ ಹೆಸರೇ ಇಡಬೇಕು, ತಿಳೀತಾ" ಎಂದು ನಗಿಸುವಷ್ಟರಲ್ಲಿ ಟ್ಯೂಬು ತುಂಬಿರುತ್ತಿತ್ತು. "ಚುಚ್ಚಿದ್ದೇ ಗೊತ್ತಾಗಲಿಲ್ಲ" ಎಂದವರೇ ಹೆಚ್ಚು. ತನ್ನ ಕೈಗುಣದ ಮೇಲೆ ಅವಳಿಗೆ ಎಲ್ಲಿಲ್ಲದ ಹೆಮ್ಮೆ. ಕೊನೆಗೆ ಅವಳನ್ನು ಕೆಡಿಸಿದ್ದೂ ಆ ಹೆಮ್ಮೆಯೇ.

ಆ ವರ್ಷ ಆಸ್ಪತ್ರೆಯಲ್ಲೊಂದು ಸಂಶೋಧನೆ ಶುರುವಾಯಿತು. ವಿಟಮಿನ್ ಡಿ ಮೈಯಲ್ಲಿ ಕೆಲಸ ಮಾಡಬೇಕಾದರೆ ಅದನ್ನು ಹಿಡಿದುಕೊಳ್ಳುವ ಗ್ರಾಹಕವೊಂದು ಬೇಕಂತೆ. ಆ ಗ್ರಾಹಕದ ಜೀನು ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲವಂತೆ. ಆ ಸಣ್ಣ ವ್ಯತ್ಯಾಸಕ್ಕೂ ಬಸುರಿಯರ ಏರಿದ ಬಿಪಿಗೂ ನಂಟಿದೆಯೇ ಎಂದು ಡಾಕ್ಟರಮ್ಮ ನೋಡಬೇಕಿತ್ತು. ಬಿಪಿ ನೋಡಿ ರಕ್ತ ತೆಗೆಯುವ ಕೆಲಸ ಸೂಜಿಯಕ್ಕನದು. ಬಿಪಿ ಏರಿದವರ ರಕ್ತ ಕೆಂಪು ಡಬ್ಬಿಗೆ, ಸರಿಯಿದ್ದವರದು ಬಿಳಿ ಡಬ್ಬಿಗೆ. ಮೊದಲ ಸಲ ಹೆಚ್ಚು ತೋರಿಸಿದರೆ ಐದು ನಿಮಿಷ ಕೂರಿಸಿ ಮತ್ತೆ ನೋಡಬೇಕು. ಆಗಲೂ ನೂರನಲವತ್ತು ದಾಟಿದರೆ ಕೂಡಲೇ ಡಾಕ್ಟರಮ್ಮನ ಬಳಿ ಕಳಿಸಬೇಕು. ನಿಯಮ ಇಷ್ಟೇ, ಮಕ್ಕಳಿಗೂ ಅರ್ಥವಾಗುವಂಥದ್ದು.

ಡಬ್ಬಿಗಳನ್ನು ಲ್ಯಾಬಿಗೆ ಕಳಿಸಬೇಕಾದ ದಿನ ಬಿಳಿಯದರಲ್ಲಿ ಒಂದು ಟ್ಯೂಬು ಕಡಿಮೆ ಬಿತ್ತು. ತನ್ನ ಕೈಯಲ್ಲಿ ಲೆಕ್ಕ ತಪ್ಪಿತು ಅನ್ನಿಸಿಕೊಳ್ಳಲು ಸೂಜಿಯಕ್ಕ ತಯಾರಿರಲಿಲ್ಲ. ಅಷ್ಟರಲ್ಲಿ ಅವಳ ಒಬ್ಬಳೇ ತಂಗಿ ಎಂಟು ತಿಂಗಳ ಹೊಟ್ಟೆ ಹೊತ್ತು ತಪಾಸಣೆಗೆ ಬಂದಳು. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರು. ಮೊದಲ ಸಲ ನೂರೈವತ್ತು ತೋರಿಸಿತು.

"ಮೆಟ್ಟಿಲು ಹತ್ಕೊಂಡು ಬಂದಿದೀಯ, ಕೂತ್ಕೊ ಸ್ವಲ್ಪ."

ಎರಡನೇ ಸಲ ನೂರನಲವತ್ತನಾಲ್ಕು. ಅಲ್ಲಿಗೆ ಎದ್ದುಹೋಗಿ ಡಾಕ್ಟರಮ್ಮನ ಬಾಗಿಲು ತಟ್ಟಬೇಕಿತ್ತು. ತಟ್ಟಲಿಲ್ಲ ಪುಣ್ಯಾತ್ಗಿತ್ತಿ. "ನಮ್ಮ ಮನೇಲಿ ಯಾರಿಗೆ ಬಿಪಿ ಇದೆ ಹೇಳು" ಎನ್ನುತ್ತಾ ಇನ್ನೊಂದು ತೋಳಿಗೆ ಪಟ್ಟಿ ಸುತ್ತಿದಳು. ಮೂರನೇ ಸಲ ನೂರಮೂವತ್ತೆಂಟು ಬಂತು. ತಂಗಿಯ ಚೀಟಿಯಲ್ಲಿ ಅದನ್ನೊಂದೇ ಬರೆದಳು. ಅವಳ ರಕ್ತದ ಟ್ಯೂಬಿನಿಂದ ಬಿಳಿ ಡಬ್ಬಿ ಭರ್ತಿಯಾಯಿತು. ಚೀಟಿ ನೋಡಿದ ಡಾಕ್ಟರಮ್ಮ ತಂಗಿಯನ್ನು ಮನೆಗೆ ಕಳಿಸಿದರು.

ನಾಲ್ಕನೇ ದಿನ ಬಿಪಿ ಏರಿ ತಂಗಿಗೆ ಫಿಟ್ಸ್ ಬಂತು. ಅವಳು ಉಳಿದಳು, ಮಗು ಉಳಿಯಲಿಲ್ಲ.

"ನಂಗೇ ಯಾಕೆ ಹೀಗಾಯ್ತು ಅಕ್ಕ?" ಎಂದು ತಂಗಿ ಹಾಸಿಗೆಯಲ್ಲಿ ಕೇಳಿದಾಗ ಸೂಜಿಯಕ್ಕನ ನಾಲಿಗೆ ತಾನಾಗಿ ಹೊರಳಿತು. "ನಮ್ಮ ರಕ್ತದಲ್ಲೇ ಏನೋ ಇರುತ್ತೆ ಕಣೆ. ಜೀನು ಅಂತಾರೆ. ಯಾರ ತಪ್ಪೂ ಅಲ್ಲ."

ಮರುದಿನವೇ ಡಾಕ್ಟರಮ್ಮನ ಮುಂದೆ ನಿಂತು ಎಲ್ಲ ಒಪ್ಪಿಕೊಂಡಳು. ಆ ಟ್ಯೂಬನ್ನು ಲೆಕ್ಕದಿಂದ ತೆಗೆದರು, ಬಿಪಿ ನೋಡುವ ಕೆಲಸ ಬೇರೆಯವರಿಗೆ ಹೋಯಿತು. "ಈ ಜೀನಿನ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಇದನ್ನಿಟ್ಕೊಂಡು ಒಬ್ಬಳ ಬಗ್ಗೆ ಏನೂ ಹೇಳಕ್ಕಾಗಲ್ಲ" ಎಂದೂ ಡಾಕ್ಟರಮ್ಮ ಅಂದರು. ಇಷ್ಟನ್ನು ತಂಗಿಗೆ ಹೇಳಲು ಮಾತ್ರ ಸೂಜಿಯಕ್ಕನಿಗೆ ಬಾಯಿ ಬರಲಿಲ್ಲ. ಇವತ್ತು ನಾಳೆ ಎನ್ನುತ್ತಾ ಒಂದೂವರೆ ವರ್ಷ ನುಂಗಿಕೊಂಡಳು.

ಒಂದು ಮಧ್ಯಾಹ್ನ ತಂಗಿಯ ಮನೆಯಲ್ಲಿ ಇಬ್ಬರೂ ಬೆಳ್ಳುಳ್ಳಿ ಬಿಡಿಸುತ್ತಾ ಕೂತಿದ್ದಾಗ ತಂಗಿಯೇ ಮಾತು ತೆಗೆದಳು. "ಇನ್ನು ಮಗು ಬೇಡ ಅಂತ ಇವ್ರಿಗೆ ಹೇಳ್ಬಿಟ್ಟೆ. ನನ್ನ ರಕ್ತವೇ ಸರಿ ಇಲ್ಲ ಅಂದ್ಮೇಲೆ ಇನ್ನೊಂದನ್ನೂ ಯಾಕೆ ಕೊಲ್ಲಲಿ?"

ಇನ್ನು ಸುಮ್ಮನಿರುವಂತಿರಲಿಲ್ಲ. ಎರಡನೇ ಸಲದ ಸಂಖ್ಯೆ, ಮೂರನೇ ಸಲದ ಸಂಖ್ಯೆ, ಭರ್ತಿಯಾಗದ ಡಬ್ಬಿ, ಸೂಜಿಯಕ್ಕ ಒಂದೂ ಬಿಡದೆ ಹೇಳಿದಳು. "ನಿನ್ನ ರಕ್ತದ ತಪ್ಪು ಅಂತ ಯಾರೂ ಹೇಳಿಲ್ಲ ಕಣೆ, ನಾನೇ ಹೇಳಿದ್ದು. ಅವತ್ತೇ ಒಳಗೆ ಕಳಿಸಿದ್ರೆ ನಿನ್ನನ್ನ ದಾಖಲು ಮಾಡ್ಕೊಳ್ತಿದ್ರು. ಮಗು ಉಳೀತಿತ್ತೇನೋ."

ತಂಗಿ ಬೆಳ್ಳುಳ್ಳಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

"ಅವತ್ತು ಬೆಳಗ್ಗಿಂದ ತಲೆ ಸಿಡೀತಿತ್ತು ಅಕ್ಕ, ಕಣ್ಣು ಮಂಜಾಗ್ತಿತ್ತು. ಹೇಳೋಣ ಅಂತಲೇ ಬಂದೆ. ಮೂರು ಮೂರು ಸಲ ನೋಡಿದೆಯಲ್ಲ, ಅಕ್ಕಂಗೆ ಗೊತ್ತಾಗಿರುತ್ತೆ ಅಂತ ಸುಮ್ಮನಾದೆ."